ಸುಳಿ ಎಳೆದು ನೋಡಿದ ದಿನ

ಇವತ್ತು ಬಾಲ್ಕನಿಯ ಕುಂಡದಲ್ಲಿರುವ ಪಾಮ್ ಗಿಡದ ಎಲೆಗಳ ತುದಿ ಒಣಗಿದ್ದು ಕಂಡು, ಅದೇ ಹಳೆಯ ಭಯ ಎದ್ದಿತು.

ನಾನು ಚಿಕ್ಕವಳಿದ್ದಾಗ ಸಿದ್ದಾಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡ ಕಡೆಯ ಟೀಚರ್ ಅಕ್ಕೋರು, ಬೇಸಿಗೆ ರಜೆಗೆ ಊರಿಗೆ ಹೋಗುವಾಗ ತಮ್ಮ ಪಾಮ್ ಕುಂಡವನ್ನು ನಮಗೆ ಒಪ್ಪಿಸಿದ್ದರು. ನೆರಳಲ್ಲೇ ಬೆಳೆದ ಗಿಡ. ಅದರ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ಕನಿಕರ ಉಕ್ಕಿತು. "ಪಾಪ, ಬಿಸಿಲೇ ಕಂಡಿದ್ದಿಲ್ಲೆ" ಎಂದು ಅಂಗಳದ ನಡುವೆ ಇಟ್ಟು, ಬುಡಕ್ಕೆ ಸಗಣಿ ಗೊಬ್ಬರ ಹಾಕಿ, ಹೊತ್ತು ಹೊತ್ತಿಗೆ ನೀರು ಸುರಿದಳು. ರಜೆ ಮುಗಿಯುವ ಹೊತ್ತಿಗೆ ಎಲೆಯೆಲ್ಲ ಸುಟ್ಟ ಹಪ್ಪಳದ ಹಾಗಾಗಿತ್ತು.

"ಅಕ್ಕೋರಿಗೆ ಇನ್ನು ಎಂತ ಹೇಳದು?" ಆಯಿ ಅಳುವುದೊಂದು ಬಾಕಿ.

"ಅಡಿಕೆ ಕೊನೆ ಬಿಡದ ಮರಕ್ಕೆ ಉಪಚಾರ ಎಂತಕ್ಕೆ?" ಎನ್ನುತ್ತಿದ್ದ ಅಪ್ಪ, ಅವತ್ತು ತಾನೇ ಕುಂಡದ ಮುಂದೆ ಕೂತ. ನಡುವೆ ಇನ್ನೂ ಬಿಚ್ಚದೆ ನಿಂತಿದ್ದ ಸುಳಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದ. ಅಡಿಕೆ ಸಸಿಯಾದರೂ ಅಷ್ಟೇ, ಒಳಗೆ ಕೊಳೆತಿದ್ದರೆ ಸುಳಿ ಕೈಗೇ ಬಂದುಬಿಡುತ್ತದೆ. ಈ ಸುಳಿ ಕೈಗೆ ಬರಲಿಲ್ಲ.

"ಬಂಜಿಲ್ಲೆ. ಜೀವ ಇದ್ದು."

ಆಯಿ ಮೆಟ್ಟಿಲ ಮೇಲೆ ಕೂತು ನಕ್ಕಳು. ಮರುದಿನ ಬಂದ ಅಕ್ಕೋರೂ, "ಇರ್ಲಿ ಬಿಡ್ರಿ, ಹೊಸಾ ಎಲಿ ಬರ್ತಾವ" ಎಂದರು.

ಈಗ ನಾನೂ ಸುಳಿ ಹಿಡಿದು ಎಳೆದೆ. "ಬಂಜಿಲ್ಲೆ!" ಎಂದು ಕೂಗಿಯೇಬಿಟ್ಟೆ.

ಒಳಗಿಂದ ಮಗಳು ಕೇಳಿದಳು, "ಯಾರಮ್ಮಾ ಬಂದಿಲ್ಲ?"