ಕುಟ್ಟಪ್ಪನವರ ಚಿಲಕ

ಆಗ ನಾನು ದೆಹಲಿಯಲ್ಲಿ, ದೊಡ್ಡ ಕಾರು ಕಂಪನಿಯೊಂದರ ವಕೀಲರ ಬಳಿ ಜೂನಿಯರ್ ಆಗಿದ್ದೆ. ತಮ್ಮ ಪೇಟೆಂಟ್ ಕದ್ದಿದ್ದಾರೆಂದು ಆ ಕಂಪನಿಯ ಮೇಲೆ ಕೇಸು ಹಾಕಿದ್ದ ಕುಟ್ಟಪ್ಪನವರಿಗೆ ನಮ್ಮ ಉತ್ತರದ ಪ್ರತಿ ಕೊಡಲು ಮುನಿರ್ಕಾ ಬಡಾವಣೆಯ ಅವರ ಮನೆಗೆ ಹೋದೆ. ಕೊಡಗಿನವರು, ಸೇನೆಯಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು. ವಕೀಲರಿಲ್ಲದೆ ತಾವೇ ವಾದಿಸುತ್ತಿದ್ದರು. ನನ್ನ ಹೆಸರು ಕೇಳಿದ್ದೇ, “ಕನ್ನಡದವರಾ? ಒಳಗೆ ಬನ್ನಿ, ಕಾಫಿ ಕುಡಿದೇ ಹೋಗಬೇಕು” ಎಂದರು.

ಜೀಪಿನ ಬಾಗಿಲು ತೆರೆದುಕೊಂಡು ಗೆಳೆಯನೊಬ್ಬ ಕಣಿವೆಗೆ ಬಿದ್ದು ಸತ್ತ ಮೇಲೆ, ಎಷ್ಟು ಕುಲುಕಿದರೂ ಬಿಚ್ಚಿಕೊಳ್ಳದ ಚಿಲಕವೊಂದನ್ನು ಅವರು ಮಾಡಿದ್ದರು. ಅದರ ಚಿತ್ರವಿದ್ದ, ಸೇನೆಯ ಹಳೆಯ ಪತ್ರಿಕೆಯೊಂದನ್ನು ನನ್ನ ಕೈಗಿಟ್ಟರು.

“ಇದು ಅಚ್ಚಾದದ್ದು ಯಾವಾಗ ಸಾರ್?”

“ಪೇಟೆಂಟಿಗೆ ಅರ್ಜಿ ಹಾಕುವ ಎರಡು ವರ್ಷ ಮೊದಲೇ! ನೋಡಿ, ಫೋಟೋ ಕೂಡ ನನ್ನದೇ.”

ಕಾಫಿ ಲೋಟ ಕೆಳಗಿಟ್ಟೆ. ಅರ್ಜಿಗೆ ಮೊದಲೇ ಲೋಕಕ್ಕೆ ತೋರಿಸಿದ್ದನ್ನು ಕಾನೂನು ಹೊಸದೆಂದು ಒಪ್ಪುವುದಿಲ್ಲ, ತೋರಿಸಿದವರು ಅದನ್ನು ಕಂಡುಹಿಡಿದವರೇ ಆದರೂ. ಯಾರ ಕಡೆಯವನೆಂಬುದನ್ನು ಮರೆತು, “ಒಳ್ಳೆಯ ವಕೀಲರನ್ನು ಕೇಳದೆ ಇದನ್ನು ಕೋರ್ಟಿಗೆ ಕೊಡಬೇಡಿ ಸಾರ್” ಎಂದುಬಿಟ್ಟೆ.

“ಅಚ್ಛಾ! ನಿಮ್ಮ ಕಂಪನಿಗೆ ಹೆದರಿಕೆ ಹತ್ತಿತಲ್ಲ” ಎಂದು ನಕ್ಕರು. “ನಿನ್ನೆಯೇ ಕೊಟ್ಟಾಯಿತು.”

ಆ ಪತ್ರಿಕೆಯ ಆಧಾರದ ಮೇಲೆಯೇ ಪೇಟೆಂಟ್ ರದ್ದಾಯಿತು. ತೀರ್ಪಿನ ದಿನ ಕೋರ್ಟಿನ ಹೊರಗೆ ಅವರು ನನ್ನ ತೋಳು ಹಿಡಿದು ನಿಲ್ಲಿಸಿದರು. “ಜಡ್ಜ್ ಓದಿದ್ದು ನನಗೆ ಸರಿಯಾಗಿ ಕೇಳಿಸಲಿಲ್ಲ. ಚಿಲಕ ಮಾಡಿದ್ದು ನಾನೇ ಅಂತ ಒಪ್ಪಿಕೊಂಡರಲ್ಲ?”

“ಒಪ್ಪಿಕೊಂಡರು ಸಾರ್” ಎಂದೆ. ಸುಳ್ಳೇನೂ ಅಲ್ಲ. ಅದನ್ನು ಒಪ್ಪಿಕೊಂಡೇ ಅವರನ್ನು ಸೋಲಿಸಿದ್ದರು.