ನಿಮಿಷಕ್ಕೆ ಮೂವತ್ತೊಂದು ಸುತ್ತು

ಮಹದೇವ, ಆ ಭಾನುವಾರ ನಿಮ್ಮ ಕಿವಿ ಸರಿಯಾಗಿಯೇ ಇತ್ತು. ನನ್ನ ರೆಕಾರ್ಡ್ ಪ್ಲೇಯರ್ ನಿಧಾನವಾಗಿ ತಿರುಗುತ್ತಿತ್ತು. ಅದು ನನಗೆ ಆ ವಾರವೇ ಗೊತ್ತಾಯಿತು. ಗೊತ್ತಾದ ಮೇಲೆ ಗುಟ್ಟಾಗಿ ರಿಪೇರಿ ಮಾಡಿ, ಮುಂದಿನ ಭಾನುವಾರ ಎಲ್ಲರ ಎದುರಿಗೆ ನಿಮ್ಮನ್ನು ಸುಳ್ಳುಗಾರನನ್ನಾಗಿ — ಅಲ್ಲ, ಸುಳ್ಳುಗಾರ ಎಂದಿದ್ದರೆ ನೀವು ಜಗಳವಾದರೂ ಆಡುತ್ತಿದ್ದಿರಿ — ಕಿವಿ ಕೆಟ್ಟವನನ್ನಾಗಿ ಮಾಡಿದೆ. ನಾಲ್ಕು ವರ್ಷವಾಯಿತು. ಈ ನಾಲ್ಕು ವರ್ಷದಲ್ಲಿ ಇದನ್ನು ಯಾರಿಗೂ ಹೇಳಿಲ್ಲ, ನನ್ನ ಹೆಂಡತಿಗೂ ಹೇಳಿಲ್ಲ.

ಹೇಳಲು ಕೂತ ಮೇಲೆ ಪೂರ್ತಿ ಹೇಳಬೇಕು. ನನಗೆ ನಿಮ್ಮನ್ನು ಕಂಡರೆ ಆಗುತ್ತಿರಲಿಲ್ಲ. ನನ್ನ ಮನೆಗೆ ನಿಮ್ಮನ್ನು ಕರೆದವನು ನಾನೇ. ಆದರೂ ಆಗುತ್ತಿರಲಿಲ್ಲ.

ನೀವು ಮೊದಲು ಬಂದದ್ದು ದವಡೆ ಹಲ್ಲು ಹಿಡಿದುಕೊಂಡು. ಯಾದವಗಿರಿಯ ನನ್ನ ಮನೆಯ ಮುಂದಿನ ಕೋಣೆಯೇ ಕ್ಲಿನಿಕ್ಕು. ಕೆಲಸ ಮಾಡುವಾಗ ಮೆಲ್ಲಗೆ ರಾಕ್ ಸಂಗೀತ ಹಾಕಿಕೊಳ್ಳುವುದು ನನ್ನ ರೂಢಿ. ಕಡಕೊಳದ ಕಾರ್ಖಾನೆಯಲ್ಲಿ ಲೇತ್ ಮಿಷಿನ್ ನಡೆಸುತ್ತೇನೆ ಎಂದಿರಿ. ಬಾಯಿ ತೊಳೆದುಕೊಂಡು ಎದ್ದವರು ದುಡ್ಡು ಎಷ್ಟು ಎಂದು ಕೇಳಲಿಲ್ಲ, ನೋವು ಎಷ್ಟು ದಿನ ಎಂದೂ ಕೇಳಲಿಲ್ಲ. "ಸಾರ್, ಒಂದ್ಮಾತು. ನಿಮ್ಮ ಡ್ರಿಲ್ಲಲ್ಲಿ ಬೇರಿಂಗ್ ಹೋಗ್ತಾ ಅದೆ. ಸೌಂಡೇ ಹೇಳ್ತದೆ," ಎಂದಿರಿ. ನಾನು ನಕ್ಕೆ. ಎಂಟೇ ದಿನಕ್ಕೆ ಅದು ಒಬ್ಬ ಮುದುಕಿಯ ಬಾಯಲ್ಲಿ ನಿಂತುಹೋಯಿತು. ಅಂದರೆ, ನಿಮ್ಮ ಕಿವಿ ಎಂಥದು ಎಂಬುದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ಜಾರಿಕೊಳ್ಳುವ ಹಾಗಿಲ್ಲ.

ಎರಡನೇ ಸಲ ಬಂದಾಗ, ಗೋಡೆಯ ಸ್ಪೀಕರ್ ಪೆಟ್ಟಿಗೆಯಲ್ಲಿ ಆಡುತ್ತಿದ್ದ ಹಾಡು ಯಾವ ಆಲ್ಬಮ್ಮಿನದು, ಎಷ್ಟನೆಯದು ಎಂದು ಹೇಳಿಬಿಟ್ಟಿರಿ. ನನಗೆ ಕುತೂಹಲವಾಯಿತು. ನಮ್ಮ ಮಂಡಳಿಗೆ ಬನ್ನಿ ಎಂದೆ. ಇಲ್ಲ, ಅಲ್ಲೂ ಸುಳ್ಳು. "ಬಾರಯ್ಯ" ಎಂದೆ. ಮಂಡಳಿಯಲ್ಲಿ ಎಲ್ಲರಿಗೂ ನೀವು ಎನ್ನುತ್ತಿದ್ದವನು ನಿಮಗೊಬ್ಬರಿಗೆ ಮಾತ್ರ ನೀನು ಎನ್ನುತ್ತಿದ್ದೆ. ವಯಸ್ಸಿನ ಲೆಕ್ಕ ಎಂದುಕೊಳ್ಳೋಣ ಎಂದರೆ ಸುಮಿತ್ರಾ ನಿಮಗಿಂತ ಐದು ವರ್ಷ ಚಿಕ್ಕವರು.

ನಮ್ಮದು ಭಾನುವಾರ ಬೆಳಗ್ಗೆ ಹತ್ತಕ್ಕೆ ಸೇರುವ ಐದಾರು ಜನರ ಮಂಡಳಿ. ಕೆಲಸ ಒಂದೇ: ಮನುಷ್ಯನಾಗಿ ಹುಟ್ಟಿದವನು ಕೇಳಲೇಬೇಕಾದ ಇಪ್ಪತ್ತೈದು ರಾಕ್ ಆಲ್ಬಮ್‌ಗಳ ಪಟ್ಟಿ ಮಾಡುವುದು. ಆರು ವರ್ಷದಲ್ಲಿ ಹತ್ತೊಂಬತ್ತು ಆಗಿತ್ತು. ಉಳಿದ ಹೊತ್ತೆಲ್ಲ ಜಗಳ. ಬ್ಯಾಂಕಿನಿಂದ ನಿವೃತ್ತರಾದ ರಾಜಶೇಖರ್‌ಗೆ ಡ್ರಮ್ ಜೋರಾಗಿದ್ದರೆ ಅದೇ ಶ್ರೇಷ್ಠ. ಒಮ್ಮೆ ತಮ್ಮ ಆಲ್ಬಮ್ ಬಿದ್ದುಹೋಯಿತೆಂದು ಅರ್ಧ ಕಾಫಿ ಬಿಟ್ಟು ಎದ್ದುಹೋಗಿ ಎರಡು ತಿಂಗಳು ಬರಲಿಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಸುಮಿತ್ರಾ ಹಾಡಿನ ಸಾಲುಗಳನ್ನು ಜೆರಾಕ್ಸ್ ಮಾಡಿಸಿ ತಂದು, ಮೊದಲು ಪದ ನೋಡಿ ಎಂದು ಎಲ್ಲರ ಮುಖಕ್ಕೆ ಹಿಡಿಯುತ್ತಿದ್ದರು. ನನ್ನದು ಒಂದೇ ಮಾತು — ತೂಕ. ಸಂಗೀತಕ್ಕೆ ತೂಕ ಇರಬೇಕು. ನಿಯಮಗಳೂ ನನ್ನವೇ: ಎರಡೂ ಬದಿ ಪೂರ್ತಿ ಕೇಳಬೇಕು, ಮಧ್ಯೆ ಏಳಬಾರದು, ನನ್ನ ಪ್ಲೇಯರಿನಲ್ಲಿ ಕೇಳಿದ್ದೇ ಕೇಳಿದ್ದು, ಫೋನಿನಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ, ಒಂದು ಆಲ್ಬಮ್‌ಗೆ ಒಂದೇ ಅವಕಾಶ. ಆಮೇಲೆ ಕೈ ಎತ್ತಬೇಕು.

ಇಂಗ್ಲಿಷ್ ಹೆಸರುಗಳನ್ನು ಹೇಳುವಾಗ ನಿಮ್ಮ ನಾಲಿಗೆ ತೊಡರುತ್ತಿತ್ತು. ನಾನು ತಿದ್ದುತ್ತಿದ್ದೆ, ಎಲ್ಲರೂ ನಗುವ ಹಾಗೆ ತಿದ್ದುತ್ತಿದ್ದೆ. ಮೂರನೇ ವಾರಕ್ಕೆ ನೀವು ಹೆಸರು ಹೇಳುವುದನ್ನೇ ಬಿಟ್ಟು ಕವರಿನ ಚಿತ್ರ ಹೇಳಿ ಕರೆಯಲು ಶುರುಮಾಡಿದಿರಿ: ಕಬ್ಬಿಣದ ಬಾಗಿಲು, ಮೂರು ಕತ್ತೆ, ಒಣಗಿದ ಕೆರೆ. ವಿಚಿತ್ರ ನೋಡಿ, ಮಂಡಳಿಗೆಲ್ಲ ಅದೇ ರೂಢಿಯಾಯಿತು. ಇವತ್ತಿಗೂ ನಮ್ಮ ಪಟ್ಟಿಯಲ್ಲಿ ಬರೆದಿರುವುದು ನೀವಿಟ್ಟ ಹೆಸರುಗಳೇ. ಪಟ್ಟಿಯ ಮೊದಲನೆಯದು ನನ್ನ ಕಬ್ಬಿಣದ ಬಾಗಿಲು. ಅದರ ತೂಕದ ಮೇಲೆ, ಅದರ ನಿಧಾನದ ಗಾಂಭೀರ್ಯದ ಮೇಲೆ ನಾನು ಎಷ್ಟು ಭಾಷಣ ಕುಟ್ಟಿದ್ದೇನೋ ಲೆಕ್ಕವಿಲ್ಲ.

ನೀವು ನಿಮ್ಮ ಸರದಿಗಾಗಿ ಒಂದು ವರ್ಷ ಕಾದಿರಿ. ಕೊನೆಗೆ ನಿಮ್ಮ ಆಲ್ಬಮ್ ಹಳದಿ ಛತ್ರಿ ತಂದಿರಿ, ಮಾಸಿದ ಟವೆಲ್ಲಿನಲ್ಲಿ ಸುತ್ತಿಕೊಂಡು. ಆ ರೆಕಾರ್ಡು ಎಂಟು ವರ್ಷದಿಂದ ನಿಮ್ಮ ಮನೆಯಲ್ಲಿತ್ತು. ಪ್ಲೇಯರ್ ಇಲ್ಲದ್ದರಿಂದ ಅದನ್ನು ನೀವು ಒಮ್ಮೆಯೂ ಹಾಕಿ ಕೇಳಿರಲಿಲ್ಲ. ಹಾಡುಗಳನ್ನೆಲ್ಲ ಫೋನಿನಲ್ಲೇ ಕೇಳಿ ಬಾಯಿಪಾಠ ಮಾಡಿದ್ದಿರಿ. "ಇವತ್ತು ನಿಜವಾಗ್ಲೂ ಕೇಳ್ತೀನಿ ಸಾರ್," ಎಂದು ಹೇಳಿ ನೆಲದ ಮೇಲೆ ಕೂತಿರಿ. ಕುರ್ಚಿ ಖಾಲಿ ಇತ್ತು.

ಮೊದಲ ಹಾಡು ಮುಗಿಯುವ ಮುಂಚೆಯೇ ನಿಮ್ಮ ಮುಖ ಬದಲಾಯಿತು. ನಾನು ನೋಡುತ್ತಲೇ ಇದ್ದೆ. ಆಮೇಲೆ ಮಾತಾಡುವ ಸರದಿ ಬಂದಾಗ ರಾಜಶೇಖರ್, "ಏನ್ರೀ ಇದು, ಹಾಡೋನು ಜ್ವರ ಬಂದು ಮಲಗಿದ್ದಾನೋ ಹೆಂಗೆ?" ಎಂದರು. ಸುಮಿತ್ರಾ ಪದ ಚೆನ್ನಾಗಿದೆ, ದನಿಯಲ್ಲಿ ಜೀವ ಇಲ್ಲ ಎಂದರು. ನಾನು, ಇದಕ್ಕೆ ತೂಕವೂ ಇಲ್ಲ, ವೇಗವೂ ಇಲ್ಲ, ಇಂಥದ್ದನ್ನು ಪಟ್ಟಿಗೆ ಸೇರಿಸಿದರೆ ಪಟ್ಟಿಯನ್ನೇ ಹರಿದು ಹಾಕಬೇಕು ಎಂದೆ.

ನೀವು ಎದ್ದು ನಿಂತಿರಿ. "ಸಾರ್, ಬೇಜಾರ್ ಮಾಡ್ಕೋಬೇಡಿ. ಆಲ್ಬಮ್ ಹಿಂಗಿಲ್ಲ. ನಿಮ್ಮ ಪ್ಲೇಯರ್ ಸ್ಲೋ ಓಡ್ತಾ ಅದೆ. ತಟ್ಟೆ ತಿರುಗ್ಸೋ ಬೆಲ್ಟ್ ಸಡ್ಲ ಆಗ್ಬುಟ್ಟದೆ ಅನ್ಸುತ್ತೆ. ಬೇಕಾದ್ರೆ ಫೋನಲ್ಲಿ ಹಾಕಿ ನೋಡವ."

ನೀವು ಅಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ — ನಿಲ್ಲಿಸಲಿಲ್ಲ. "ಕಬ್ಬಿಣದ ಬಾಗ್ಲೂ ಅಷ್ಟು ನಿಧಾನ ಇಲ್ಲ ಸಾರ್. ಹೇಳವ ಅಂತ ಭಾಳ ದಿನದಿಂದ ಅನ್ಕೋತಿದ್ದೆ."

ನನ್ನ ಮೈ ಉರಿದುಹೋಯಿತು. ನನ್ನ ಮನೆಯಲ್ಲಿ, ನನ್ನ ಕಾಫಿ ಕುಡಿದು, ಆರು ವರ್ಷದ ನನ್ನ ತೀರ್ಪುಗಳೆಲ್ಲ ಒಂದು ಸಡಿಲ ರಬ್ಬರ್ ಬೆಲ್ಟಿನವು ಎನ್ನುತ್ತಿದ್ದಾನೆ ಈ ಮನುಷ್ಯ! ಆಗ ಆ ಮಾತು ಆಡಿದೆ.

"ಇಪ್ಪತ್ತು ವರ್ಷ ಮಿಷಿನ್ ಮುಂದೆ ನಿಂತಿದ್ದೀಯ. ನಿಂದು ಕಾರ್ಖಾನೆ ಕಿವಿ ಕಣೋ. ಮೊದ್ಲು ಹೋಗಿ ಅದನ್ನ ತೋರಿಸ್ಕೋ."

ಯಾರೂ ನಗಲಿಲ್ಲ. ಯಾರೂ ನನ್ನನ್ನು ತಡೆಯಲೂ ಇಲ್ಲ. ಫೋನಿನಲ್ಲಿ ಹಾಕಿ ನೋಡೋಣ ಎಂದು ಒಬ್ಬರಾದರೂ ಎನ್ನಲಿಲ್ಲ, ನಿಯಮ ಇತ್ತಲ್ಲ. ಕೈ ಎತ್ತಿದರು. ಹಳದಿ ಛತ್ರಿಗೆ ನಿಮ್ಮದೊಂದೇ ಕೈ.

ಮಂಗಳವಾರ ಮಧ್ಯಾಹ್ನ ಪೇಷೆಂಟ್ ಇರಲಿಲ್ಲ. ಪ್ಲೇಯರಿನ ತಟ್ಟೆಯ ಅಂಚಿಗೆ ಚೂರು ಬಿಳಿ ಟೇಪು ಅಂಟಿಸಿ, ಗಡಿಯಾರ ಹಿಡಿದುಕೊಂಡು ಅದು ಎಷ್ಟು ಸಲ ಸುತ್ತಿ ಬರುತ್ತದೆ ಎಂದು ಎಣಿಸಿದೆ. ನಿಮಿಷಕ್ಕೆ ಮೂವತ್ಮೂರು ಬರಬೇಕು. ಮೂವತ್ತೊಂದು ಬಂತು. ಮತ್ತೆ ಎಣಿಸಿದೆ. ಮೂವತ್ತೊಂದು. ಮೂರನೇ ಸಲ ಎಣಿಸುವಾಗ ಬೇಕೆಂದೇ ತಪ್ಪು ಎಣಿಸಲು ನೋಡಿದೆ — ಆಗಲಿಲ್ಲ.

ಗುರುವಾರ ಕೊರಿಯರಿನಲ್ಲಿ ಹೊಸ ಬೆಲ್ಟ್ ಬಂತು. ಹಾಕಿ ಕಬ್ಬಿಣದ ಬಾಗಿಲು ಕೇಳಿದೆ. ತೂಕ ಇರಲಿಲ್ಲ, ಮಹದೇವ. ಒಳ್ಳೆಯ ಆಲ್ಬಮ್ಮೇ, ಆದರೆ ಚುರುಕಾಗಿ ಕುಣಿದುಕೊಂಡು ಹೋಗುವ ಸಾಧಾರಣ ಆಲ್ಬಮ್ಮು. ನಾನು ಇಷ್ಟು ವರ್ಷ ಹೊಗಳಿದ್ದ ಗಾಂಭೀರ್ಯ ಬ್ಯಾಂಡಿನದಾಗಿರಲಿಲ್ಲ. ಆಮೇಲೆ, ನೀವು ನನ್ನ ಕೋಣೆಯಲ್ಲೇ ಬಿಟ್ಟುಹೋಗಿದ್ದ ಹಳದಿ ಛತ್ರಿ ಹಾಕಿದೆ. ಅದರ ಬಗ್ಗೆ ಏನು ಹೇಳಲಿ... ಎರಡನೇ ಬದಿ ಮುಗಿದಾಗ ನಾನು ಕುರ್ಚಿಯಿಂದ ಏಳಲಿಲ್ಲ. ಅಂಥ ಆಲ್ಬಮ್ ನಮ್ಮ ಹತ್ತೊಂಬತ್ತರಲ್ಲಿ ಒಂದೂ ಇರಲಿಲ್ಲ.

ಆಗಲೇ ನಿಮಗೆ ಫೋನ್ ಮಾಡಿ, ನೀವು ಹೇಳಿದ್ದು ಸರಿ ಎಂದಿದ್ದರೆ ಮುಗಿಯುತ್ತಿತ್ತು. ಅದರ ಬದಲು ನನಗೆ ನಿಮ್ಮ ಮೇಲೆ ಇನ್ನಷ್ಟು ಸಿಟ್ಟು ಬಂತು. ತಪ್ಪು ಮಾಡಿದವರ ಮೇಲಿನ ಸಿಟ್ಟು ಇಳಿಯುತ್ತದೆ, ಸರಿ ಹೇಳಿದವರ ಮೇಲಿನದು ಇಳಿಯುವುದಿಲ್ಲ. ನನ್ನ ಮಟ್ಟಿಗಂತೂ ಹಾಗೆ.

ಮುಂದಿನ ಭಾನುವಾರ ನೀವು ರೆಕಾರ್ಡು ಒಯ್ಯಲು ಬಂದಿರಿ. ನಾನು ಕಾದಿದ್ದೆ. ಎಲ್ಲರನ್ನೂ ಕೂರಿಸಿ, ದೊಡ್ಡ ಮನಸ್ಸಿನವನ ಹಾಗೆ, "ಮಹದೇವನಿಗೆ ಅನುಮಾನ ಇದೆ, ಪರೀಕ್ಷೆ ಆಗೇ ಬಿಡಲಿ," ಎಂದೆ. ಬಿಳಿ ಟೇಪು ನಾನೇ ಅಂಟಿಸಿದೆ. ಗಡಿಯಾರ ರಾಜಶೇಖರ್ ಕೈಗೆ ಕೊಟ್ಟೆ. ಎಣಿಸುವ ಕೆಲಸ ನಿಮಗೆ ಕೊಟ್ಟೆ — ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆ. ನೀವು ಬಗ್ಗಿ, ಬೆರಳು ಮಡಿಸುತ್ತ, ಗಟ್ಟಿಯಾಗಿ ಎಣಿಸಿದಿರಿ. ಮೂವತ್ತು, ಮೂವತ್ತೊಂದು, ಮೂವತ್ತೆರಡು. ಮೂವತ್ಮೂರು ಎನ್ನುವಾಗ ದನಿ ಇಳಿಯಿತು.

ಹಳದಿ ಛತ್ರಿಯ ಮೊದಲ ಹಾಡನ್ನೂ ಹಾಕಿದೆ. ಸರಿಯಾದ ವೇಗದಲ್ಲಿ, ಜೀವ ತುಂಬಿಕೊಂಡು ಅದು ಹರಿಯಿತು. ನೀವು ಕಣ್ಣು ಮುಚ್ಚಿಕೊಂಡು ಕೇಳಿದಿರಿ. "ಇವತ್ತು ಸರಿಯಾಗೇ ಅದೆ ಸಾರ್," ಎಂದಿರಿ. ಕಣ್ಣು ತೆರೆದು, "ಅಂಗಾದ್ರೆ ಹೋದ ವಾರ ನನಗೇ ಏನೋ ಆಗಿತ್ತು," ಎಂದಿರಿ.

ಸುಮಿತ್ರಾ, "ಇವತ್ತು ಯಾಕೋ ಚೆನ್ನಾಗಿದೆ ಕಣ್ರೀ, ಇನ್ನೊಂದ್ಸಲ ಕೈ ಎತ್ತೋಣ್ವಾ?" ಎಂದರು. ಎರಡನೇ ಸಲ ಕೇಳಿದರೆ ಎಲ್ಲವೂ ಚೆನ್ನಾಗೇ ಇರುತ್ತೆ, ನಿಯಮ ಅಂದರೆ ನಿಯಮ ಎಂದು ನಾನು ಅವರ ಬಾಯಿ ಮುಚ್ಚಿಸಿದೆ. ನೀವು ರೆಕಾರ್ಡನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು, ಎಲ್ಲರಿಗೂ ಕೈ ಮುಗಿದು ಹೋದಿರಿ. ಮತ್ತೆ ಬರಲಿಲ್ಲ. ಸೋಲು ತಡೆದುಕೊಳ್ಳಲಾಗದವನು ಎಂದು ನಾನು ಅವರ ಹತ್ತಿರ ಆಡಿಕೊಂಡೆ.

ಇದಿಷ್ಟೇ ಆಗಿದ್ದರೆ ನಾನು ಈ ಕಾಗದ ಬರೆಯುತ್ತಿದ್ದೆನೋ ಇಲ್ಲವೋ. ಬಹುಶಃ ಇಲ್ಲ. ಅಷ್ಟು ಒಳ್ಳೆಯವನಲ್ಲ ನಾನು.

ಹೋದ ತಿಂಗಳು ನಿಮ್ಮ ಮನೆಯವರು ವಿದ್ಯಾರಣ್ಯಪುರಂನಿಂದ ಹಲ್ಲು ತೋರಿಸಲು ಬಂದಿದ್ದರು. ನೀವು ಹೇಗಿದ್ದೀರಿ ಎಂದು ಸುಮ್ಮನೆ ಬಾಯಿಮಾತಿಗೆ ಕೇಳಿದೆ. "ಅವ್ರಿಗೆ ಕಿವಿ ಹೋಗ್ಬುಟ್ಟದೆ ಸಾರ್," ಎಂದರು. "ನಾಕ್ ವರ್ಸದ ಹಿಂದೇನೇ ಟೆಸ್ಟ್ ಮಾಡ್ಸುದ್ರು. ಒಸಿ ಕಮ್ಮಿ ಅದೆ ಅಂದ್ರಂತೆ. ಅವತ್ತೇ ಹೋಗಿ ಸೂಪರ್‌ವೈಸರ್‌ಗೆ ಹೇಳ್ಬುಟ್ರು, ನಂಗೆ ಮಿಷಿನ್ ಸೌಂಡ್ ನಂಬಕ್ಕಾಗಲ್ಲ, ಯಾರಿಗಾದ್ರೂ ಪೆಟ್ಟಾದ್ರೆ ಏನ್ಮಾಡ್ಲಿ ಅಂತ. ಈಗ ಸ್ಟೋರಲ್ಲಿ ಬಾಕ್ಸ್ ಜೋಡಿಸ್ತಾರೆ. ಮನೇಲಿ ಹಾಡೂ ಹಾಕಲ್ಲ. ಆ ಪ್ಲೇಟ್ಗಳ್ನೆಲ್ಲಾ ಪೇಪರ್ ಜೊತೆ ಗುಜರಿಗೆ ಕೊಟ್ಬುಟ್ರು." ಆಮೇಲೆ ನನಗೆ ಕೈ ಮುಗಿದರು. "ಡಾಕ್ಟ್ರು ತೋರ್ಸ್‌ಕೊಡದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ ಅಂತ ಈಗ್ಲೂ ನಿಮ್ಮನ್ನ ನೆನೀತಾರೆ ಸಾರ್."

ನಾನು ಅವರಿಗೆ ಬಾಯಿ ತೆರೆಯಿರಿ ಎಂದೆ.

ಮಹದೇವ, ಇಪ್ಪತ್ತು ವರ್ಷ ಮಿಷಿನ್ ಪಕ್ಕ ನಿಂತ ಯಾರನ್ನೇ ಪರೀಕ್ಷೆ ಮಾಡಿದರೂ ಸ್ವಲ್ಪ ಕಮ್ಮಿ ಎಂದೇ ಬರುತ್ತದೆ. ಕಮ್ಮಿ ಕೇಳಿಸುವುದು ಬೇರೆ, ತಪ್ಪು ಕೇಳಿಸುವುದು ಬೇರೆ. ಮೂವತ್ಮೂರಕ್ಕೂ ಮೂವತ್ತೊಂದಕ್ಕೂ ಇರುವ ವ್ಯತ್ಯಾಸವನ್ನು ಒಂದೇ ಹಾಡಿನಲ್ಲಿ ಹಿಡಿದ ಕಿವಿ ಅದು. ಆ ಕೋಣೆಯಲ್ಲಿದ್ದ ಮಿಕ್ಕ ನಾವೆಲ್ಲ ಆರು ವರ್ಷ ಕೇಳಿಯೂ ಹಿಡಿಯಲಿಲ್ಲ. ಟೇಪು ಅಂಟಿಸಿ ನಿಮಗೆ ತೋರಿಸಿದ್ದು ಮೋಸ. ಆ ಮೋಸ ನಂಬಿ ನಿಮ್ಮ ಕೈಲಿದ್ದ ಕೆಲಸ ಬಿಟ್ಟಿರಿ, ಹಾಡು ಬಿಟ್ಟಿರಿ. ಕೆಲಸ ತಿರುಗಿ ಸಿಗುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ನಾಲ್ಕು ವರ್ಷ ಅಂತೂ ಸಿಗುವುದಿಲ್ಲ.

ಹೋದ ಭಾನುವಾರ ನಿಮಗೆ ಫೋನ್ ಮಾಡಿದ್ದು ಇದನ್ನು ಹೇಳಲೆಂದೇ. ಒಳಗೆ ಮಂಡಳಿ ಕೂತಿತ್ತು. ಇಪ್ಪತ್ತಮೂರನೆಯದು ಯಾವುದು ಎಂದು ಕಿತ್ತಾಡುತ್ತಿದ್ದರು. ನಾನು ಎದ್ದು ವರಾಂಡಕ್ಕೆ ಬಂದು, ಅವರಿಗೆ ಕೇಳಿಸದ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದು ಶುರುಮಾಡಿದೆ. "ಯಾರು, ಡಾಕ್ಟ್ರಾ? ಒಸಿ ಜೋರಾಗೇಳಿ ಸಾರ್, ನಂಗೆ ಕಿವಿ ಸರಿಯಾಗಿ ಕೇಳ್ಸಲ್ಲ," ಎಂದಿರಿ. ನಾನು ಜೋರಾಗಿ ಹೇಳಲಿಲ್ಲ. ಹಲ್ಲು ಹೇಗಿದೆ ಎಂದು ಕೇಳಲು ಮಾಡಿದೆ ಎಂದು ಹೇಳಿ ಫೋನ್ ಇಟ್ಟುಬಿಟ್ಟೆ. ನಾನು ಪಿಸುಗುಟ್ಟುತ್ತಿದ್ದೆ, ಮಹದೇವ. ಯಾರಿಗೂ ಕೇಳಿಸುತ್ತಿರಲಿಲ್ಲ. ಅದಕ್ಕೂ ನೀವು ನಿಮ್ಮ ಕಿವಿಯನ್ನೇ ದೂರಿಕೊಂಡಿರಿ.

ಈ ಕಾಗದ ಶನಿವಾರದೊಳಗೆ ನಿಮ್ಮ ಕೈ ಸೇರುತ್ತದೆ. ಭಾನುವಾರ ಹತ್ತೂವರೆಗೆ, ಅದೇ ಕೋಣೆಯಲ್ಲಿ, ರಾಜಶೇಖರ್, ಸುಮಿತ್ರಾ, ಎಲ್ಲರೂ ಕೂತಿರುವಾಗ, ಫೋನನ್ನು ಮೇಜಿನ ನಡುವೆ ಇಟ್ಟು ನಿಮಗೆ ಮಾಡುತ್ತೇನೆ. ಇಲ್ಲಿ ಬರೆದದ್ದನ್ನೆಲ್ಲ ಜೋರಾಗಿ ಹೇಳುತ್ತೇನೆ. ನೀವು ಎತ್ತದಿದ್ದರೂ ಅವರಿಗೆ ಹೇಳುತ್ತೇನೆ. ಎತ್ತಿದರೆ, ಬಾಯಿಗೆ ಬಂದ ಹಾಗೆ ಬಯ್ಯಿರಿ. ಸ್ಪೀಕರ್ ಹಾಕಿರುತ್ತೇನೆ.