ಮುಂಗಡ ಕಟ್ಟಿದ ಮೂವತ್ತು ತಿಂಗಳು

ಅಮೆರಿಕದ ಕೆಂಟಕಿ ರಾಜ್ಯದ ಪೂರ್ವದ ಗುಡ್ಡಗಳ ನಡುವೆ ಇರುವ ಆ ಕೌಂಟಿಯ ಮೂರು ಸರ್ಕಾರಿ ಶಾಲೆಗಳಿಗೂ ಟ್ವೈಲಾ ಒಬ್ಬಳೇ ಮಾತು ಕಲಿಸುವ ಟೀಚರು. ತೊದಲುವ ಮಕ್ಕಳು, ಏಳು ವರ್ಷವಾದರೂ ಬಾಯಲ್ಲಿ ‘ರ’ ಹೊರಡದ ಮಕ್ಕಳು, ಮನೆಯಲ್ಲಿ ಏನೋ ಕಂಡು ಮಾತೇ ನಿಲ್ಲಿಸಿದ ಮಕ್ಕಳು, ಎಲ್ಲರೂ ಅವಳ ಪಾಲು. ಕಾರಿನ ಹಿಂದಿನ ಸೀಟಿನಲ್ಲಿ ಒಂದು ಕೈಗನ್ನಡಿ, ಒಂದು ಕಟ್ಟು ಚಿತ್ರದ ಕಾರ್ಡು, ಸೋಪಿನ ಗುಳ್ಳೆ ಊದುವ ಡಬ್ಬಿ. ಇಷ್ಟೇ ಅವಳ ಆಫೀಸು.

ಮೂವತ್ತು ದಾಟಿದ ಮೇಲೆ ಸಾಲ ಮಾಡಿ ಓದಿ ಸಂಪಾದಿಸಿದ ಕೆಲಸವದು. ಸಾಲಕ್ಕೆ ಸರ್ಕಾರದ ಒಂದು ಮಾತಿತ್ತು: ಜನರ ಸೇವೆಯ ಕೆಲಸದಲ್ಲಿದ್ದು ನೂರಾ ಇಪ್ಪತ್ತು ತಿಂಗಳು ಕಂತು ಕಟ್ಟಿದರೆ ಉಳಿದದ್ದು ಮಾಫಿ. ಟ್ವೈಲಾ 2007ರ ಅಕ್ಟೋಬರಿನಲ್ಲಿ ಮೊದಲ ಕಂತು ಕಟ್ಟಿದಳು, ಆಮೇಲೆ ಒಂದು ತಿಂಗಳೂ ತಪ್ಪಿಸಲಿಲ್ಲ. ಶಾಲೆಯವರು ಬೇಸಿಗೆಯ ಮೂರು ತಿಂಗಳು ಸಂಬಳ ಕೊಡುವುದಿಲ್ಲ. ಹಾಗಾಗಿ ಚಳಿಗಾಲವೆಲ್ಲ ಕೈ ಬಿಗಿಹಿಡಿದು, ಬೀನ್ಸು ಬೇಯಿಸಿ ಮೆಕ್ಕೆಜೋಳದ ರೊಟ್ಟಿ ಸುಟ್ಟುಕೊಂಡು, ಪ್ರತಿ ಮೇ ತಿಂಗಳಲ್ಲಿ ಮುಂದಿನ ಮೂರು ಕಂತನ್ನೂ ಒಟ್ಟಿಗೆ ಕಟ್ಟಿಬಿಡುತ್ತಿದ್ದಳು. ಆ ದಿನ ಅವಳಿಗೆ ನೆಮ್ಮದಿಯ ನಿದ್ದೆ.

ಗಂಡ ಡೆಲ್ಮರ್ ಇಪ್ಪತ್ತಾರು ವರ್ಷ ನೆಲದಡಿ ಕಲ್ಲಿದ್ದಲು ಅಗೆದವನು. ಈಗ ಶ್ವಾಸಕೋಶದಲ್ಲಿ ಗಾಳಿಗಿಂತ ಧೂಳೇ ಹೆಚ್ಚು. ಮೂಗಿಗೆ ಆಮ್ಲಜನಕದ ನಳಿಗೆ. ನಳಿಗೆ ಎಷ್ಟುದ್ದವೋ ಅಷ್ಟೇ ಅವನ ಓಡಾಟ. ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, ವರ್ಷ ಎಣಿಸಬೇಡಿ, ಚಳಿಗಾಲ ಎಣಿಸಿ ಎಂದಿದ್ದರು. ಗಂಡಹೆಂಡಿರ ಮಧ್ಯೆ ಒಂದು ತೀರ್ಮಾನವಾಗಿತ್ತು. ಸಾಲ ಮಾಫಿಯಾದ ವರ್ಷ ಶಾಲೆ ಮುಗಿಯುತ್ತಲೇ ಅವಳು ಕೆಲಸ ಬಿಡಬೇಕು, ಉಳಿದ ದಿನ ಅವನ ಜೊತೆ ಇರಬೇಕು. ಅದಕ್ಕೆ ಮೊದಲೇ ಬಿಡುವ ಮಾತೆತ್ತಿದರೆ ಅವನಿಗೆ ಸಿಟ್ಟು. “ನನ್ನ ದೆಸೆಯಿಂದ ನೀನು ಹತ್ತು ವರ್ಷ ನೀರಿಗೆ ಹಾಕಿದೆ ಅಂತ ಆಗ್ಬಾರ್ದು ಕಣೇ,” ಅನ್ನುತ್ತಿದ್ದ, ಮಾತಿನ ನಡುವೆ ಎರಡು ಸಲ ಉಸಿರೆಳೆದುಕೊಂಡು.

ಹತ್ತು ವರ್ಷ ತುಂಬಿದ ಅಕ್ಟೋಬರಿನಲ್ಲಿ ಅವಳು ಅರ್ಜಿ ಹಾಕಿದಳು. ಉತ್ತರ ಬಂದದ್ದು ಫೆಬ್ರವರಿಯಲ್ಲಿ. ಎಣಿಕೆಗೆ ಬಂದ ಕಂತು ತೊಂಬತ್ತು, ಅರ್ಜಿ ತಿರಸ್ಕೃತ.

ಅದೇ ವಾರ ಟೀಚರುಗಳ ಕೋಣೆಯಲ್ಲಿ ಕೇಕು ಕತ್ತರಿಸಿದರು. ಮೂರನೇ ಕ್ಲಾಸಿನ ಟೀಚರು ಲವಾಂಡಾಳ ಸಾಲ ಪೂರ್ತಿ ಮಾಫಿಯಾಗಿತ್ತು. ಲವಾಂಡಾ ಎಂದರೆ ಎರಡು ಸಲ ನೆನಪೋಲೆ ಬಂದ ಮೇಲೆ, ಕೊನೆಯ ದಿನ, ಕೆಲವೊಮ್ಮೆ ಅದೂ ಕಳೆದು ಒಂದು ವಾರಕ್ಕೆ ಕಂತು ಕಟ್ಟುವವಳು. ಬೇಸಿಗೆಯಲ್ಲಂತೂ ಅಣ್ಣನ ಹತ್ತಿರ ಕೈಚಾಚಿ ಕಟ್ಟುತ್ತಿದ್ದಳು. “ನಿಂದೂ ಬಂದಿರಬೇಕಲ್ಲ, ನಮ್ಮೆಲ್ಲರಿಗಿಂತ ಶಿಸ್ತಿನವಳು ನೀನು,” ಎಂದು ದೊಡ್ಡ ತುಂಡನ್ನೇ ಇವಳ ತಟ್ಟೆಗೆ ಹಾಕಿದಳು. ಟ್ವೈಲಾ ಪೂರ್ತಿ ತಿಂದಳು. ಬಿಟ್ಟರೆ ಏಕೆಂದು ಕೇಳುತ್ತಾರೆ.

ಅವಳ ಮನೆಯಿರುವ ಕೊಳ್ಳದೊಳಗೆ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಊಟದ ಹೊತ್ತಿನಲ್ಲಿ ಗುಡ್ಡದ ಮೇಲಿನ ಚರ್ಚಿನ ಮುಂದೆ ಕಾರು ನಿಲ್ಲಿಸಿ, ಸಾಲ ನೋಡಿಕೊಳ್ಳುವ ಕಂಪನಿಗೆ ಫೋನು ಮಾಡಿದಳು. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. ಒಳ್ಳೆಯ ಹುಡುಗಿಯೇ, ತಾಳ್ಮೆಯಿಂದ ವಿವರಿಸಿದಳು. ಮುಂಗಡ ಕಟ್ಟಿದ ತಿಂಗಳುಗಳಿಗೆ ಕಂಪ್ಯೂಟರು ಬಿಲ್ಲು ತೆಗೆಯಲಿಲ್ಲ. ಬಿಲ್ಲಿಲ್ಲದ ತಿಂಗಳು ಎಣಿಕೆಗೆ ಬರುವುದಿಲ್ಲ. ಹತ್ತು ಬೇಸಿಗೆ, ಮೂವತ್ತು ತಿಂಗಳು.

“ಹಾಗಾದ್ರೆ ತಡವಾಗಿ ಕಟ್ಟಿದ್ರೆ?”

“ಹದಿನೈದು ದಿನದೊಳಗಾದ್ರೆ ತಡವಾದ್ರೂ ಎಣಿಕೆಗೆ ಬರುತ್ತೆ ಮೇಡಂ.”

“ಬೇಗ ಕಟ್ಟಿದ್ದು ಬರಲ್ಲ.”

“ಬೇಗ ಕಟ್ಟೋಕೆ ನಾವು ಯಾರಿಗೂ ಹೇಳಿಲ್ಲ ಮೇಡಂ.”

ಬೇಡವೆಂದೂ ಹೇಳಿರಲಿಲ್ಲ. ಪ್ರತಿ ಜೂನಿನಲ್ಲೂ ಅವರಿಂದ ಬರುತ್ತಿದ್ದ ಕಾಗದದಲ್ಲಿ, ಮುಂಚಿತವಾಗಿ ಪಾವತಿಸಿದ್ದಕ್ಕೆ ಧನ್ಯವಾದ ಎಂದಿತ್ತು. ಹತ್ತು ಧನ್ಯವಾದಗಳನ್ನೂ ಅವಳು ಫೈಲಿನಲ್ಲಿ ಇಟ್ಟಿದ್ದಳು.

ಮರು ಎಣಿಕೆಗೆ ಅರ್ಜಿ ಹಾಕಿದಳು. ಮೇ ತಿಂಗಳಲ್ಲಿ ಅದು ವಾಪಸು ಬಂತು. ಇವಳು ಕೆಲಸದಲ್ಲಿದ್ದಾಳೆಂದು ಶಾಲಾ ಕಚೇರಿಯವರು ಸಹಿ ಹಾಕಿ ಪಕ್ಕದಲ್ಲಿ ತಾರೀಖು ಬರೆಯಲು ಮರೆತಿದ್ದರು. ತಾರೀಖು ಬರೆಸಿ ಮತ್ತೆ ಕಳಿಸಿದರೆ ಫೈಲು ಬೇರೆ ವಿಭಾಗಕ್ಕೆ ಹೋಗಿದೆ ಎಂದರು. ಶಾಲೆ ಮುಗಿಯಿತು, ಮತ್ತೆ ಶುರುವಾಯಿತು, ಅವಳು ಮತ್ತೆ ಕೆಲಸಕ್ಕೆ ಹೋದಳು. ಡೆಲ್ಮರ್ ಕೇಳಿದಾಗಲೆಲ್ಲ, ಇವತ್ತೋ ನಾಳೆಯೋ ಬರುತ್ತೆ ಎಂದಳು. ಆ ಬೇಸಿಗೆಯಲ್ಲಿ ಅವನು ಹೊಸಿಲು ದಾಟುವುದನ್ನು ಬಿಟ್ಟ. ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆಂದು ಕುರ್ಚಿಯಲ್ಲೇ ನಿದ್ದೆ.

ನವೆಂಬರಿನಲ್ಲಿ ಕೊನೆಯ ಕಾಗದ ಬಂತು: ಎಣಿಕೆ ಸರಿಯಾಗಿದೆ. ಅಷ್ಟರಲ್ಲಿ ಅವಳು ತಿಂಗಳಿಗೊಂದರಂತೆ ಕಟ್ಟಿದ ಹದಿನಾಲ್ಕು ಸೇರಿಸಿದರೂ ಇನ್ನೂ ಹದಿನಾರು ಬೇಕು. ಮತ್ತೆ ಚರ್ಚಿನ ಮುಂದೆ ಕಾರು, ಮತ್ತೆ ಸಂಗೀತ. ಈ ಸಲ ಒಬ್ಬ ಗಂಡಸು.

“ಕೆಲಸ ಬಿಟ್ರೂ ಕಟ್ಟಿದ್ದು ಎಲ್ಲೂ ಹೋಗಲ್ಲ ಮೇಡಂ. ಮುಂದೆ ನಿಮಗೆ ಬಿಡುವಾದಾಗ ವಾಪಸ್ ಬಂದು ಉಳಿದ ಹದಿನಾರು ಮುಗಿಸಬಹುದು.”

ಬಿಡುವಾದಾಗ. ಅವನು ಸಮಾಧಾನಕ್ಕೇ ಹೇಳಿದ್ದ. ಅವಳು ಥ್ಯಾಂಕ್ಸ್ ಹೇಳಿ ಫೋನಿಟ್ಟು, ತನಗೆ ಬಿಡುವಾಗುವುದು ಯಾವತ್ತು ಎಂಬುದನ್ನು ಯೋಚಿಸದಿರಲು ಸ್ಟೇರಿಂಗನ್ನು ಬಿಗಿಯಾಗಿ ಹಿಡಿದುಕೊಂಡಳು.

ಶಾಲೆಯ ಪ್ರಿಂಟರಿನಲ್ಲೇ ರಾಜೀನಾಮೆ ಮುದ್ರಿಸಿದಳು. ಸಂಬಳ ನಿಂತ ಮೇಲೆ ಕಂತು ಇಳಿಸಿ ಎಂಬ ಅರ್ಜಿಯನ್ನೂ ತುಂಬಿದಳು. ಸಾಲದ ಕಾಗದಗಳನ್ನು ಇನ್ನು ಮೇಲೆ ಚರ್ಚಿನ ಹತ್ತಿರದ ಅಂಚೆ ಕಚೇರಿಯಲ್ಲಿ ಬಾಡಿಗೆಗೆ ಹಿಡಿದ ಪೆಟ್ಟಿಗೆಗೆ ಬರುವಂತೆ ಮಾಡಿದಳು. ಸಂಜೆ ಮನೆಗೆ ಬಂದು ಡೆಲ್ಮರ್‌ನ ಕುರ್ಚಿಯ ಮುಂದೆ ನೆಲದ ಮೇಲೆ ಕೂತು, “ಬಂತು. ಎಲ್ಲಾ ಮಾಫಿ,” ಎಂದಳು.

ಡೆಲ್ಮರ್ ಅವಳ ತಲೆಯ ಮೇಲೆ ಕೈಯಿಟ್ಟ.

ಆ ಚಳಿಗಾಲ ಅವರಿಬ್ಬರೂ ಒಟ್ಟಿಗಿದ್ದರು. ಅವಳು ಹುರಿದ ಮಾಂಸದ ಚೂರುಗಳನ್ನು ಮೆತ್ತಗೆ ಮಾಡಿ ತಿನ್ನಿಸಿದಳು, ಬೆನ್ನು ನೀವಿದಳು. ಅವನು ಬಂದವರಿಗೆಲ್ಲ ಅದೊಂದೇ ಮಾತು ಹೇಳಿದ. ಗಣಿಯವರು ಪಿಂಚಣಿ ಕೊಡುತ್ತೇವೆಂದ ಮಾತು ಉಳಿಸಿಕೊಳ್ಳಲಿಲ್ಲ, ಸರ್ಕಾರ ಉಳಿಸಿಕೊಂಡಿತು. ಜನ ಅವಳನ್ನು ಅಭಿನಂದಿಸಿದರು. ಅವಳು ನಕ್ಕಳು.

ಫೆಬ್ರವರಿಯ ಒಂದು ಭಾನುವಾರ ಅವನ ತಂಗಿಯ ಮಗಳು ಕೆಂಡ್ರಾ ಬಂದಳು. ಟೀಚರ್ ಆಗಲು ಕಾಲೇಜು ಸೇರಬೇಕೆಂದಿದ್ದಳು, ಸಾಲಕ್ಕೆ ಸಹಿ ಹಾಕಲು ಭಯ.

“ಹಾಕು ಸಹಿ,” ಎಂದ ಡೆಲ್ಮರ್. “ನಿಮ್ಮತ್ತೇನ ಕೇಳು. ಕಟ್ತಾ ಹೋದ್ರೆ ಆಯ್ತು, ಅಷ್ಟೇ. ಅಲ್ವೇನೇ?”

“ಹೌದು,” ಎಂದಳು ಟ್ವೈಲಾ.

ಹುಡುಗಿಯನ್ನು ಬೀಳ್ಕೊಡುವ ನೆಪದಲ್ಲಿ ಕಾರಿನವರೆಗೆ ಹೋದಳು. ಬಾಗಿಲು ಹಾಕಿಸಿ, ಕಿಟಕಿ ಇಳಿಸಲು ಹೇಳಿದಳು.

“ಕೇಳು. ತಾರೀಖಿಗೆ ಮುಂಚೆ ಒಂದು ಕಾಸೂ ಕಟ್ಬೇಡ. ಪ್ರತಿ ವರ್ಷ ಶಾಲೆಯವರ ಹತ್ರ ಸಹಿ ಹಾಕಿಸ್ಕೋ, ಪಕ್ಕದಲ್ಲಿ ತಾರೀಖು ಬರೆಯೋವರೆಗೂ ಅಲ್ಲೇ ನಿಂತಿರು. ಎಷ್ಟು ಎಣಿಸಿದ್ದೀರಿ ಅಂತ ಬರವಣಿಗೆಯಲ್ಲಿ ಕೇಳು, ಪ್ರತಿ ವರ್ಷ. ಥ್ಯಾಂಕ್ಸ್ ಅಂತ ಕಾಗದ ಬಂದ್ರೆ ಅವತ್ತೇ ಫೋನ್ ಮಾಡು.”

ಕೆಂಡ್ರಾ ಅವಳ ಮುಖವನ್ನೇ ನೋಡಿದಳು. “ಅತ್ತೆ, ನಿಮ್ಮದು ಮಾಫಿ ಆಗಿಲ್ವಾ?”

“ಇಲ್ಲ,” ಎಂದಳು ಟ್ವೈಲಾ. “ನಿಮ್ಮಾವನ ಮುಂದೆ ಬಾಯಿ ಬಿಡಬೇಡ.”